ಆಜನ್ಮ ಸ್ಥೂಲಕಾಯವೂ ಶಸ್ತ್ರಚಿಕಿತ್ಸೆಯ ನಿಶ್ಚಯವೂ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾದೆಯು ಹಿತವಾದುದೇ ಸರಿ. ಆದರೆ ಎಳೆತನದಿಂದಲೂ ದಪ್ಪನಾಗಿಯೇ ಬೆಳೆದವರೊಬ್ಬರು ಮನೆಯಲ್ಲಿದ್ದರೆ, ಮನೆಮಂದಿಯು ಅದರ ಮೊದಲನೆಯ ಅರ್ಧವನ್ನು ಅವರಿಗೆ ಬೋಧಿಸುತ್ತ, ಎರಡನೆಯ ಅರ್ಧವನ್ನು ತಾವೇ ಮರೆಯುವುದುಂಟು. ಎಲೆಯ ಮುಂದೆ ಕುಳಿತವರ ತುತ್ತನ್ನು ಎಣಿಸುವವರು ಬಹಳ ಮಂದಿ. ಆ ಎಣಿಕೆಯಿಂದ ತುತ್ತು ಗಂಟಲಲ್ಲಿ ನಿಲ್ಲುವುದನ್ನು ಕಂಡವರು ಕಡಮೆ.

ಇಂಥವರ ಬಾಳಿನಲ್ಲಿ ಈಚೆಗೆ ಒಂದು ಹೊಸ ಪ್ರಶ್ನೆಯು ಹುಟ್ಟಿಕೊಂಡಿದೆ. ಪಥ್ಯ, ನಡಿಗೆ, ಉಪವಾಸ, ಕಷಾಯ ಎಲ್ಲವೂ ಮುಗಿದ ಮೇಲೆ ವೈದ್ಯರು, “ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ವಿಷಯವನ್ನು ನೀವು ಆಲೋಚಿಸಬಹುದು” ಎಂದು ಹೇಳುವರು. ಆ ಒಂದು ಮಾತಿನಿಂದ ಮನೆಯು ಎರಡಾಗುವುದು. ಒಬ್ಬರು ಅದನ್ನು ಸೋಮಾರಿಗಳ ದಾರಿ ಎನ್ನುವರು. ಮತ್ತೊಬ್ಬರು ಮಂತ್ರದಂಡ ಎನ್ನುವರು. ಎರಡೂ ನಿಜವಲ್ಲವೆಂಬುದನ್ನೂ, ನಿಶ್ಚಯವನ್ನು ಮಾಡುವ ಮೊದಲು ಗೃಹಸ್ಥರು ಏನನ್ನು ತಿಳಿದಿರಬೇಕೆಂಬುದನ್ನೂ ನಾವು ಇಲ್ಲಿ ವಿವರಿಸಲು ಯತ್ನಿಸುವೆವು.

ಒಂದು ದೃಷ್ಟಾಂತ

ವಿಷಯವು ಸುಲಭವಾಗಿ ತಿಳಿಯುವಂತೆ ಕಾಗದನಗರದ ಒಂದು ಸಂಸಾರವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ಭದ್ರಾವತಿಯ ಈ ಭಾಗಕ್ಕೆ ಆ ಹೆಸರು ಬಂದುದು ೧೯೩೬ರಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆಯಿಂದ. ಪಾಳಿಯ ದುಡಿಮೆಯಿಂದ ಬೆಳೆದ ಊರಿದು. ಹಿಂದೆ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದವರ ಮಕ್ಕಳು ಇಂದು ಸ್ಕೂಟರಿನಲ್ಲಿ ಸಂತೆಗೆ ಹೋಗುವರು. ೨೦೧೫ರ ಸುಮಾರಿಗೆ ಕಾರ್ಖಾನೆಯಲ್ಲಿ ಕಾಗದದ ಉತ್ಪಾದನೆಯು ನಿಂತ ಬಳಿಕ ಎಷ್ಟೋ ಸಂಸಾರಗಳ ದಿನಚರಿಯೇ ಬದಲಾಯಿತು.

ಇಂಥ ಒಂದು ಮನೆಯ ಗೃಹಿಣಿ. ವಯಸ್ಸು ಮೂವತ್ತೊಂಬತ್ತು, ಎತ್ತರ ೧೬೦ ಸೆಂಟಿಮೀಟರು, ತೂಕ ೧೦೫ ಕಿಲೋ. ಶಾಲೆಯಲ್ಲಿ ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರಿಗಿಂತ “ಡುಮ್ಮಿ” ಎಂಬ ಹೆಸರೇ ನಿಂತಿತ್ತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತುಗಳನ್ನು ತಿಂದು, “ಪತ್ರ ಬರೆಯುತ್ತೇವೆ” ಎಂದು ಹೊರಟುಹೋದುದು ಮೂರು ಬಾರಿ. ಬೆಳಗಿನ ಬಿಸಿನೀರು ಜೇನುತುಪ್ಪ, ನೆನೆಸಿದ ಮೆಂತ್ಯ, ಡಬ್ಬಿಯ ಪುಡಿ, ರಾತ್ರಿಯೂಟದ ತ್ಯಾಗ, ಭದ್ರೆಯ ಸೇತುವೆಯವರೆಗೆ ನಡಿಗೆ, ಇವೆಲ್ಲವನ್ನೂ ಆಕೆ ಮಾಡಿ ನೋಡಿದುದಾಯಿತು. ಒಮ್ಮೆ ಹನ್ನೆರಡು ಕಿಲೋ ಇಳಿದು, ಒಂದೂವರೆ ವರ್ಷದಲ್ಲಿ ಹದಿನೈದು ಕಿಲೋ ಏರಿತು. ಈಗ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಸೇರಿವೆ. ಮೊಣಕಾಲು ಮೆಟ್ಟಿಲನ್ನು ಕಂಡರೆ ಅಂಜುವುದು. ರಾತ್ರಿ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವುದು. ವೈದ್ಯರು ಶಸ್ತ್ರಚಿಕಿತ್ಸೆಯ ಮಾತನ್ನು ಎತ್ತಿದರು.

ಆ ಸಂಜೆ ಮನೆಯಲ್ಲಿ ಏನು ನಡೆಯುವುದೆಂಬುದನ್ನು ವಾಚಕರು ಊಹಿಸಬಲ್ಲರು. ಅತ್ತೆಯವರು, “ಹೊಟ್ಟೆ ಕೊಯ್ಸಿಕೊಂಡು ಸಣ್ಣ ಆಗೋದು ಎಲ್ಲಾದರೂ ಉಂಟೇನೇ? ಎರಡು ತುತ್ತು ಕಡಮೆ ಉಂಡರೆ ಆಗದೆ?” ಎನ್ನುವರು. ಬೆಂಗಳೂರಿನಿಂದ ತಮ್ಮನು ಫೋನಿನಲ್ಲಿ, “ಅಕ್ಕಾ, ಅದೇನು ದೊಡ್ಡದಲ್ಲ. ಮೂರು ದಿನದ ಕೆಲಸ, ಬಂದುಬಿಡು” ಎನ್ನುವನು. ಪತಿಯು ಬಹಳ ಹೊತ್ತು ಸುಮ್ಮನಿದ್ದು, “ಏನಾದರೂ ಆದರೆ ಮಕ್ಕಳ ಗತಿಯೇನು?” ಎನ್ನುವನು. ಆಕೆ ಮಾತ್ರ ಮಾತಾಡಳು. ಈ ಮೂವರೂ ಪ್ರೀತಿಯಿಂದಲೇ ಆಡಿದವರು; ಆದರೂ ಯಾರ ಮಾತಿನಲ್ಲಿಯೂ ಪೂರ್ಣ ಸತ್ಯವಿಲ್ಲ. ಒಂದೊಂದನ್ನಾಗಿ ಪರೀಕ್ಷಿಸೋಣ.

“ಎರಡು ತುತ್ತು ಕಡಮೆ ಉಂಡರೆ ಆಗದೆ?”

ಸ್ಥೂಲತೆಯು ಬರಿಯ ಹೊಟ್ಟೆಬಾಕತನದ ಫಲವೆಂಬ ನಂಬಿಕೆಯು ನಮ್ಮಲ್ಲಿ ಬಲವಾಗಿದೆ. ನಮ್ಮ ಪ್ರಾಚೀನ ವೈದ್ಯರು ಇಷ್ಟು ನಿಷ್ಠುರರಾಗಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅತಿಸ್ಥೂಲರ ವಿಚಾರವು ಬಂದಿದೆ. ಅತಿಯಾದ ಊಟ, ಸಿಹಿ ಮತ್ತು ಜಿಡ್ಡಿನ ಪದಾರ್ಥ, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ದೆ ಮೊದಲಾದ ಕಾರಣಗಳನ್ನು ಹೇಳಿ, ಅವುಗಳ ಸಾಲಿನಲ್ಲಿಯೇ “ಬೀಜಸ್ವಭಾವ”ವನ್ನೂ, ಎಂದರೆ ತಾಯಿತಂದೆಗಳಿಂದ ಬಂದ ಗುಣವನ್ನೂ, ಅಲ್ಲಿ ಎಣಿಸಲಾಗಿದೆ. ಅಷ್ಟೇ ಅಲ್ಲ, ಸ್ಥೂಲನಿಗೆ ಒದಗುವ ಎಂಟು ಕಷ್ಟಗಳನ್ನು ಹೇಳುವಲ್ಲಿ ಆಯುಷ್ಯದ ಹ್ರಾಸ, ನಡೆಯ ಮಾಂದ್ಯ, ದೌರ್ಬಲ್ಯ, ಬೆವರು ಇವುಗಳ ಜೊತೆಗೆ ಅತಿಯಾದ ಹಸಿವನ್ನೂ ಸೇರಿಸಿದೆ. ನಾವು ಯಾವುದನ್ನು ತಪ್ಪೆಂದು ಬೈಯುವೆವೋ ಅದನ್ನು ಚರಕನು ರೋಗಿಯ ಬಾಧೆಯೆಂದು ಕಂಡನು.

ಈ ಕಾಲದ ಶೋಧನೆಗಳು ಅದೇ ದಿಕ್ಕನ್ನು ತೋರಿಸುವುವು. ೧೯೮೬ರಲ್ಲಿ ಡೆನ್ಮಾರ್ಕ್ ದೇಶದ ೫೪೦ ಮಂದಿ ದತ್ತು ಮಕ್ಕಳ ವಿಷಯವಾಗಿ ಒಂದು ಅಧ್ಯಯನವು ಪ್ರಕಟವಾಯಿತು. ಬೆಳೆದು ದೊಡ್ಡವರಾದ ಆ ಮಕ್ಕಳ ಮೈಕಟ್ಟು ಹೆತ್ತವರ ಮೈಕಟ್ಟನ್ನು ಹೋಲುತ್ತಿತ್ತು. ಸಾಕಿ ಉಣಿಸಿದವರದನ್ನು ಹೋಲಲಿಲ್ಲ. ೧೯೯೪ರಲ್ಲಿ ಲೆಪ್ಟಿನ್ ಎಂಬ ರಸವು ಪತ್ತೆಯಾಯಿತು. ದೇಹದ ಕೊಬ್ಬಿನಿಂದ ಹುಟ್ಟಿ, ಸಂಗ್ರಹವೆಷ್ಟಿದೆಯೆಂಬುದನ್ನು ಮಿದುಳಿಗೆ ತಿಳಿಸುವುದು ಅದರ ಕೆಲಸ. ೧೯೯೯ರಲ್ಲಿ ಜಪಾನಿನ ವಿಜ್ಞಾನಿಗಳು ಜಠರದಿಂದ ಹೊರಟು ಹಸಿವನ್ನೆಬ್ಬಿಸುವ ಗ್ರೆಲಿನ್ ಎಂಬ ರಸವನ್ನು ಕಂಡುಹಿಡಿದರು.

ಮನೆಮಂದಿಯು ಮುಖ್ಯವಾಗಿ ತಿಳಿಯಬೇಕಾದುದು ಆಸ್ಟ್ರೇಲಿಯದ ಮೆಲ್ಬೋರ್ನಿನಿಂದ ೨೦೧೧ರಲ್ಲಿ ಹೊರಬಂದ ಒಂದು ವರದಿ. ಹತ್ತು ವಾರ ಕಠಿಣ ಪಥ್ಯದಲ್ಲಿದ್ದು ತೂಕ ಇಳಿಸಿದವರನ್ನು ಒಂದು ವರ್ಷದ ಬಳಿಕ ಪರೀಕ್ಷಿಸಿದಾಗ, ಅವರ ರಕ್ತದಲ್ಲಿ ಹಸಿವನ್ನು ಹೆಚ್ಚಿಸುವ ರಸಗಳು ಇನ್ನೂ ಏರಿಯೇ ಇದ್ದುವು. ತೃಪ್ತಿಯನ್ನು ತರುವುವು ಇನ್ನೂ ಇಳಿದೇ ಇದ್ದುವು. ಎಂದರೆ ದೇಹವು ತಾನು ಕಳೆದುಕೊಂಡ ತೂಕವನ್ನು ಸಾಲದಂತೆ ನೆನಪಿಟ್ಟುಕೊಂಡು ವಸೂಲಿಗೆ ನಿಲ್ಲುವುದು. ಎರಡು ತುತ್ತು ಕಡಮೆ ಉಣ್ಣುವುದು ಒಂದು ವಾರಕ್ಕೆ ಸುಲಭ. ಏರುತ್ತಲೇ ಇರುವ ಹಸಿವಿನೊಡನೆ ಮೂವತ್ತು ವರ್ಷ ಹೋರಾಡುವುದು ಬೇರೆಯೇ ಮಾತು.

ಇದರಿಂದ ಊಟ, ನಡಿಗೆಗಳಿಗೆ ಬೆಲೆಯಿಲ್ಲವೆಂದು ಯಾರೂ ತಿಳಿಯಕೂಡದು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಹೆಂಗಸರಲ್ಲಿ ನೂರಕ್ಕೆ ೨೪, ಗಂಡಸರಲ್ಲಿ ಸುಮಾರು ೨೩ ಮಂದಿ ಮಿತಿಮೀರಿದ ತೂಕದವರು. ಇವರಲ್ಲಿ ಬಹುಪಾಲಿನವರಿಗೆ ಬೇಕಾದುದು ಎಲೆಯ ಮೇಲಿನ ಮಿತಿ ಮತ್ತು ಕಾಲಿನ ದುಡಿಮೆಯೇ ಹೊರತು ಶಸ್ತ್ರವಲ್ಲ. ಬೀಜದ ಬಲವು ಹೆಚ್ಚಾಗಿದ್ದು, ರೋಗಗಳು ಮೇಲೆ ಬಿದ್ದು, ಪ್ರಯತ್ನಗಳು ನಿಜವಾಗಿ ಸೋತಿರುವ ಕೆಲವರ ವಿಷಯ ಮಾತ್ರ ಇಲ್ಲಿ ನಮ್ಮ ಪ್ರಸ್ತಾಪ.

ಯಾರಿಗೆ ತಕ್ಕುದು?

ಇದನ್ನು ಅಳೆಯಲು ವೈದ್ಯರು ಬಿ. ಎಂ. ಐ. ಎಂಬ ಒಂದು ಲೆಕ್ಕವನ್ನು ಇಟ್ಟುಕೊಂಡಿರುವರು. ಕಿಲೋ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ಅದು ದೊರೆಯುವುದು. ನಮ್ಮ ದೃಷ್ಟಾಂತದ ಗೃಹಿಣಿಯ ೧೦೫ ಕಿಲೋವನ್ನು ೧.೬ರಿಂದ ಎರಡು ಬಾರಿ ಭಾಗಿಸಿದರೆ ೪೧ ಬರುವುದು. ೧೯೯೧ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು, ಈ ಅಂಕವು ೪೦ನ್ನು ಮುಟ್ಟಿದವರಿಗೂ, ೩೫ನ್ನು ಮುಟ್ಟಿ ಗಂಭೀರ ರೋಗವೂ ಇರುವವರಿಗೂ ಶಸ್ತ್ರಚಿಕಿತ್ಸೆಯನ್ನು ಆಲೋಚಿಸಬಹುದೆಂದು ನಿರ್ಣಯಿಸಿತು. ೨೦೨೨ರಲ್ಲಿ ಈ ವಿದ್ಯೆಯ ಎರಡು ದೊಡ್ಡ ಸಂಘಗಳು ಆ ಮೇರೆಯನ್ನು ಇಳಿಸಿ, ೩೫ ಇದ್ದರೆ ಬೇರೆ ರೋಗವಿಲ್ಲದಿದ್ದರೂ ಸಲಹೆಮಾಡಬಹುದೆಂದೂ, ೩೦ರ ಮೇಲಿದ್ದು ಸಕ್ಕರೆ ಕಾಯಿಲೆ ಮೊದಲಾದುವಿದ್ದರೆ ಆಲೋಚಿಸಬಹುದೆಂದೂ, ಏಷ್ಯದವರಿಗೆ ಈ ಮೇರೆಗಳು ಇನ್ನೂ ಕೆಳಗಿರಬೇಕೆಂದೂ ತಿಳಿಸಿದುವು. ನಮ್ಮವರ ಮೈಯಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಹೆಚ್ಚಾಗಿ ಸೇರುವುದರಿಂದ, ಪಾಶ್ಚಾತ್ಯರಿಗಿಂತ ಕಡಮೆ ತೂಕದಲ್ಲಿಯೇ ರೋಗವು ಮೊದಲಾಗುವುದು. ಅದೇ ಇದಕ್ಕೆ ಕಾರಣ.

ಅಂಕವೊಂದೇ ಸಾಲದು. ಥೈರಾಯ್ಡ್ ಗ್ರಂಥಿಯ ದೋಷ, ಸೇವಿಸುತ್ತಿರುವ ಬೇರೆ ಔಷಧಗಳ ಪರಿಣಾಮ ಇತ್ಯಾದಿ ತಿದ್ದಬಹುದಾದ ಕಾರಣಗಳಿವೆಯೇ ಎಂಬುದನ್ನು ಮೊದಲು ನೋಡತಕ್ಕದ್ದು. ಹೃದಯ, ಶ್ವಾಸಕೋಶ, ಜಠರ ಇವುಗಳ ಪರೀಕ್ಷೆಯಾಗಬೇಕು. ಆಹಾರತಜ್ಞರನ್ನೂ ಮನೋವೈದ್ಯರನ್ನೂ ಕಾಣಬೇಕು. ಕುಡಿತಕ್ಕೆ ದಾಸರಾದವರೂ, ತೀವ್ರವಾದ ಮನೋವ್ಯಥೆಗೆ ಚಿಕಿತ್ಸೆ ಪಡೆಯದವರೂ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಬೀಡಿ ಸಿಗರೇಟುಗಳನ್ನು ಬಿಡಬೇಕು.

“ಮೂರು ದಿನದ ಕೆಲಸ”

ತಮ್ಮನ ಮಾತಿನಲ್ಲಿ ಸ್ವಲ್ಪ ನಿಜವಿದೆ. ಇಂದು ಈ ಶಸ್ತ್ರಚಿಕಿತ್ಸೆಯನ್ನು ಹೊಟ್ಟೆಯನ್ನು ಉದ್ದಕ್ಕೆ ಸೀಳಿ ಮಾಡುವುದಿಲ್ಲ. ನಾಲ್ಕೈದು ಸಣ್ಣ ರಂಧ್ರಗಳ ಮೂಲಕ ದೀಪವನ್ನೂ ಉಪಕರಣಗಳನ್ನೂ ಒಳಗೆ ಬಿಟ್ಟು ಮಾಡುವರು. ಬಹುಮಂದಿ ಕೆಲವೇ ದಿನಗಳಲ್ಲಿ ಮನೆಗೆ ಹಿಂತಿರುಗುವರು. ಆದರೆ ಈ ಸ್ಥಿತಿಗೆ ಬರಲು ವೈದ್ಯವಿದ್ಯೆಗೆ ಅರ್ಧ ಶತಮಾನವೇ ಬೇಕಾಯಿತು. ೧೯೫೦ರ ದಶಕದಲ್ಲಿ ಸಣ್ಣ ಕರುಳಿನ ಬಹುಭಾಗವನ್ನು ಬಳಸಿಹೋಗುವಂತೆ ಜೋಡಿಸುವ ಪದ್ಧತಿಯು ಅಮೆರಿಕದಲ್ಲಿ ಹುಟ್ಟಿತು. ತೂಕವೇನೋ ಇಳಿಯಿತು; ಆದರೆ ಭೇದಿ, ಪೋಷಣೆಯ ಕೊರತೆ, ಯಕೃತ್ತಿನ ಕೇಡುಗಳು ಕಾಣಿಸಿಕೊಂಡು ಆ ಪದ್ಧತಿಯನ್ನು ಕೈಬಿಡಬೇಕಾಯಿತು. ೧೯೬೬ರಲ್ಲಿ ಐಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯನು, ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರು ಸಣ್ಣಗಾಗುವುದನ್ನು ಗಮನಿಸಿ, ಜಠರವನ್ನೇ ಕಿರಿದುಮಾಡುವ ಬೈಪಾಸ್ ಕ್ರಮವನ್ನು ಆರಂಭಿಸಿದನು. ೧೯೯೪ರಲ್ಲಿ ಅದನ್ನು ಸಣ್ಣ ರಂಧ್ರಗಳ ಮೂಲಕ ಮಾಡುವುದು ಸಾಧ್ಯವೆಂದು ವರದಿಯಾಯಿತು.

ಈಗ ಹೆಚ್ಚಾಗಿ ನಡೆಯುವುವು ಎರಡು ಬಗೆ. ಮೊದಲನೆಯದು ಸ್ಲೀವ್. ಇದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಶಾಶ್ವತವಾಗಿ ತೆಗೆದುಹಾಕಿ ಬಾಳೆಯ ಹಣ್ಣಿನಾಕಾರದ ಕೊಳವೆಯನ್ನು ಉಳಿಸುವರು. ಹಸಿವಿನ ಗ್ರೆಲಿನ್ ರಸವು ಹೆಚ್ಚಾಗಿ ಹುಟ್ಟುವ ಭಾಗವೂ ಹೋಗುವುದರಿಂದ ಹಸಿವು ಕಡಮೆಯಾಗುವುದು. ಎರಡನೆಯದು ಬೈಪಾಸ್. ಇದರಲ್ಲಿ ಜಠರದ ಮೇಲ್ಭಾಗದಲ್ಲಿ ಸಣ್ಣದೊಂದು ಚೀಲವನ್ನು ಮಾಡಿ, ಕರುಳನ್ನು ಅದಕ್ಕೆ ನೇರವಾಗಿ ಜೋಡಿಸುವರು. ಸ್ಲೀವಿನಿಂದ ಕೆಲವರಿಗೆ ಎದೆಯುರಿಯು ಹೆಚ್ಚಬಹುದು. ಬೈಪಾಸಿನಲ್ಲಿ ಜೀವಸತ್ತ್ವಗಳ ಕೊರತೆಯು ಹೆಚ್ಚಾಗಿ ಕಾಡಬಹುದು. ಯಾರಿಗೆ ಯಾವುದು ತಕ್ಕುದೆಂಬುದನ್ನು ಪರೀಕ್ಷೆಗಳಾದ ಮೇಲೆ ಶಸ್ತ್ರವೈದ್ಯರೇ ಹೇಳಬೇಕು.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸುವುದು ಅವಶ್ಯ. ೨೦೨೨ರ ಮೇ ತಿಂಗಳಿನಲ್ಲಿ ಕನ್ನಡ ಕಿರುತೆರೆಯ ಯುವನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ಮೃತಳಾದ ಸುದ್ದಿಯು ನಾಡನ್ನೆಲ್ಲ ಕಲಕಿತು. ಆಕೆಗೆ ಆಗ ಕೇವಲ ಇಪ್ಪತ್ತೊಂದು ವರ್ಷ. ಅಂದಿನಿಂದ ತೂಕದ ಶಸ್ತ್ರಚಿಕಿತ್ಸೆಯೆಂದೊಡನೆ ಅನೇಕರಿಗೆ ಆ ಸುದ್ದಿಯೇ ನೆನಪಾಗುವುದು. ಆದರೆ ಚರ್ಮದಡಿಯ ಕೊಬ್ಬನ್ನು ತೆಗೆಯುವುದು ಅಂದಕ್ಕಾಗಿ ಮಾಡುವ ಕೆಲಸ. ಅದು ಸ್ಥೂಲತೆಯ ರೋಗಕ್ಕೆ ಚಿಕಿತ್ಸೆಯಲ್ಲ. ನಾವು ಹೇಳುತ್ತಿರುವುದು ಜಠರ ಮತ್ತು ಕರುಳುಗಳ ಮೇಲೆ ಮಾಡುವ ಚಿಕಿತ್ಸೆಯನ್ನು. ಎರಡೂ ಬೇರೆ ಬೇರೆ. ಆದರೆ ಯಾವುದನ್ನೂ ಅಗ್ಗವಾಗಿ ಎಣಿಸಕೂಡದು.

ಆದುದರಿಂದ ಆಸ್ಪತ್ರೆಯ ವಾಸವು ಮೂರು ದಿನದ್ದಾಗಬಹುದು. ಚಿಕಿತ್ಸೆಯು ಮಾತ್ರ ಜೀವಾವಧಿ.

“ಏನಾದರೂ ಆದರೆ?”

ಪತಿಯ ಪ್ರಶ್ನೆಯೇ ಮೂರರಲ್ಲಿ ಹೆಚ್ಚು ತೂಕದ್ದು. ಅದಕ್ಕೆ ಧೈರ್ಯದ ಮಾತಿನಿಂದಲ್ಲ, ಲೆಕ್ಕದಿಂದ ಉತ್ತರ ಹೇಳಬೇಕು. ೨೦೦೯ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳ ೪,೭೭೬ ರೋಗಿಗಳ ವರದಿಯು ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯಾದ ಮೂವತ್ತು ದಿನಗಳೊಳಗೆ ತೀರಿಕೊಂಡವರು ಸಾವಿರಕ್ಕೆ ಸುಮಾರು ಮೂವರು. ಹೊಲಿಗೆಯ ಸೋರಿಕೆ, ರಕ್ತಸ್ರಾವ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶಕ್ಕೆ ಏರುವುದು, ಇವು ಮುಖ್ಯವಾದ ಅಪಾಯಗಳು. ಇವು ಅಪರೂಪ, ಆದರೆ ಇಲ್ಲವೆಂದು ಹೇಳುವ ವೈದ್ಯರನ್ನು ನಂಬಕೂಡದು.

ಇನ್ನೊಂದು ತಕ್ಕಡಿಯಲ್ಲಿ ಏನಿದೆಯೆಂಬುದನ್ನೂ ನೋಡಬೇಕು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದಿರುವುದೂ ಅಪಾಯವಿಲ್ಲದ ನಿಶ್ಚಯವಲ್ಲ. ಸ್ವೀಡನ್ ದೇಶದಲ್ಲಿ ೧೯೮೭ರಲ್ಲಿ ಮೊದಲಾದ ಒಂದು ದೀರ್ಘ ಅಧ್ಯಯನದಲ್ಲಿ ಚಿಕಿತ್ಸೆ ಪಡೆದ ೨,೦೧೦ ಮಂದಿಯನ್ನೂ, ಅವರನ್ನೇ ಹೋಲುವ, ಆದರೆ ಶಸ್ತ್ರಚಿಕಿತ್ಸೆ ಪಡೆಯದ ೨,೦೩೭ ಮಂದಿಯನ್ನೂ ಗಮನಿಸುತ್ತ ಬಂದರು. ಸುಮಾರು ಹನ್ನೊಂದು ವರ್ಷಗಳ ಬಳಿಕ, ೨೦೦೭ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಮೊದಲನೆಯ ಗುಂಪಿನಲ್ಲಿ ೧೦೧ ಮರಣಗಳೂ ಎರಡನೆಯದರಲ್ಲಿ ೧೨೯ ಮರಣಗಳೂ ಆಗಿದ್ದುವು. ವಯಸ್ಸು ಮೊದಲಾದುವನ್ನು ಸರಿದೂಗಿಸಿದಾಗ ಮರಣದ ಭಯವು ಶೇಕಡಾ ೨೯ರಷ್ಟು ಕಡಮೆಯಾದಂತೆ ಕಂಡಿತು. ಲಾಭವು ನಿಜವಾದುದು, ಆದರೆ ಅಮೃತವಲ್ಲ.

ಸಕ್ಕರೆ ಕಾಯಿಲೆಯ ವಿಷಯದಲ್ಲಿಯೂ ಹೀಗೆಯೇ. ಅದೇ ಅಧ್ಯಯನದಲ್ಲಿ, ಮೊದಲು ಆ ಕಾಯಿಲೆಯಿದ್ದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಪೈಕಿ ಎರಡು ವರ್ಷಗಳ ಬಳಿಕ ನೂರಕ್ಕೆ ೭೨ ಮಂದಿಯಲ್ಲಿ ಅದು ಅಡಗಿತ್ತು. ಹತ್ತು ವರ್ಷಗಳ ಬಳಿಕ ಹಾಗೆ ಉಳಿದವರು ೩೬ ಮಂದಿ. ಕಾಯಿಲೆಯು ಹೊಸದಾಗಿದ್ದಾಗಲೇ ಚಿಕಿತ್ಸೆಯಾದರೆ ಫಲವು ಹೆಚ್ಚು. ತೂಕವು ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ಮೊದಲಿನ ತೂಕದ ಕಾಲು ಭಾಗದಷ್ಟೋ ಅದಕ್ಕಿಂತ ತುಸು ಹೆಚ್ಚೋ ಇಳಿಯುವುದು. ಮುಂದೆ ಅದರಲ್ಲಿ ಸ್ವಲ್ಪ ಭಾಗವು ಮರಳಿ ಬರುವುದುಂಟು. ನಮ್ಮ ಗೃಹಿಣಿಯು ೧೦೫ರಿಂದ ೭೫ರ ಸುಮಾರಿಗೆ ಇಳಿಯಬಹುದು. ಆಕೆ ಸಿನಿಮಾ ತಾರೆಯಂತೆ ಆಗಳು. ಆದರೆ ಮೆಟ್ಟಿಲೇರುವಳು, ರಾತ್ರಿ ಉಸಿರು ಕಟ್ಟದೆ ಮಲಗುವಳು.

ಸಣ್ಣ ಸಂಕಟಗಳನ್ನೂ ಮುಚ್ಚಿಡುವುದು ಸಲ್ಲದು. ಮೂರನೆಯ ತಿಂಗಳಿನಿಂದ ಕೂದಲು ಉದುರುವುದು. ಬಹುಮಂದಿಗೆ ಅದು ಮತ್ತೆ ಬೆಳೆಯುವುದು. ಚರ್ಮವು ಜೋಲುವುದು. ತೂಕವು ಬೇಗನೆ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಕೆಲವರಿಗೆ ಮನಸ್ಸು ಕುಗ್ಗುವುದು. ದುಃಖಕ್ಕೆ ತಿಂಡಿಯನ್ನೇ ಗೆಳೆಯನನ್ನಾಗಿ ಮಾಡಿಕೊಂಡವರಿಗೆ ಆ ಗೆಳೆಯನು ದೂರವಾದಾಗ ಒಂದು ಶೂನ್ಯವು ಕಾಣಿಸುವುದು. ಮನೆಯವರು ಇದನ್ನು ಕಣ್ಣಿಟ್ಟು ನೋಡಬೇಕು.

ಹೊಸ ಔಷಧಗಳು

ಈಚೆಗೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಗಳ ಮಾತು ಎಲ್ಲೆಡೆಯಲ್ಲಿಯೂ ಕೇಳಿಬರುತ್ತಿದೆ. ಟಿರ್ಜೆಪಟೈಡ್ ಎಂಬುದು ಮೌಂಜಾರೋ ಎಂಬ ಹೆಸರಿನಲ್ಲಿ ೨೦೨೫ರ ಮಾರ್ಚಿಯಲ್ಲಿಯೂ, ಸೆಮಾಗ್ಲುಟೈಡ್ ಎಂಬುದು ವೆಗೋವಿ ಎಂಬ ಹೆಸರಿನಲ್ಲಿ ಅದೇ ವರ್ಷದ ಜೂನಿನಲ್ಲಿಯೂ ಭಾರತದ ಮಾರುಕಟ್ಟೆಗೆ ಬಂದುವು. ಪರೀಕ್ಷೆಗಳಲ್ಲಿ ಸೆಮಾಗ್ಲುಟೈಡಿನಿಂದ ಸರಾಸರಿ ಶೇಕಡಾ ೧೫ರಷ್ಟೂ, ಟಿರ್ಜೆಪಟೈಡಿನ ಹೆಚ್ಚಿನ ಪ್ರಮಾಣದಿಂದ ಶೇಕಡಾ ೨೦ರಷ್ಟೂ ತೂಕ ಇಳಿಯಿತು. ಶಸ್ತ್ರವನ್ನು ಅಂಜುವವರೂ, ಅಂಕವು ಬಹಳ ಮೇಲಿಲ್ಲದವರೂ ವೈದ್ಯರೊಡನೆ ಮೊದಲು ಇವುಗಳನ್ನು ಕುರಿತು ಮಾತನಾಡುವುದು ಯುಕ್ತ. ಆದರೆ ಔಷಧವನ್ನು ನಿಲ್ಲಿಸಿದವರಲ್ಲಿ ಇಳಿದ ತೂಕದ ಬಹುಭಾಗವು ಒಂದು ವರ್ಷದಲ್ಲಿ ಮರಳಿತೆಂಬುದೂ ಪರೀಕ್ಷೆಯಿಂದಲೇ ತಿಳಿದುಬಂದಿದೆ. ಎಷ್ಟು ವರ್ಷ ಆ ಖರ್ಚನ್ನು ಹೊರಬಲ್ಲೆವೆಂಬುದನ್ನು ಗೃಹಸ್ಥರು ಲೆಕ್ಕಹಾಕಬೇಕು.

ಅಡಿಗೆಯ ಮನೆಯ ಪಾತ್ರ

ಶಸ್ತ್ರವೈದ್ಯರ ಕೆಲಸವು ಒಂದೆರಡು ಗಂಟೆಗಳದು. ಅಡಿಗೆಯ ಮನೆಯ ಕೆಲಸವು ಅಲ್ಲಿಂದ ಮೊದಲಾಗುವುದು. ಮೊದಲ ಎರಡು ವಾರಗಳ ಸುಮಾರಿಗೆ ನೀರಾದ ಆಹಾರ ಮಾತ್ರ: ಬೇಳೆಯ ಕಟ್ಟು, ಸೋಸಿದ ಸಾರು, ತಿಳಿಮಜ್ಜಿಗೆ, ವೈದ್ಯರು ಹೇಳಿದ ಪ್ರೋಟೀನು ಬೆರಸಿದ ಹಾಲು. ಬಳಿಕ ಕೆಲವು ವಾರ ಅರೆದ, ಮಸೆದ ಪದಾರ್ಥ: ಮೆತ್ತಗೆ ಬೆಂದ ಹೆಸರುಬೇಳೆ, ಮೊಸರು, ತಿನ್ನುವವರಿಗೆ ಮೊಟ್ಟೆ. ಒಂದೂವರೆ ತಿಂಗಳಾದ ಮೇಲೆ ಮೆಲ್ಲಮೆಲ್ಲನೆ ಸಾಮಾನ್ಯ ಊಟ. ಆಗಲೂ ಒಂದು ಸಣ್ಣ ಬಟ್ಟಲೇ ಹೊಟ್ಟೆತುಂಬ. ದಿನಕ್ಕೆ ೬೦ ಗ್ರಾಮಿಗೆ ಕಡಮೆಯಿಲ್ಲದಂತೆ ಪ್ರೋಟೀನು ಒದಗಬೇಕು. ಅನ್ನವೇ ಎಲೆಯ ಒಡೆಯನಾಗಿರುವ ಮಲೆನಾಡಿನ ಸೀಮೆಯಲ್ಲಿ ಇದು ಸಣ್ಣ ಕ್ರಾಂತಿಯೇ ಸರಿ: ಕಾಳು, ಮೊಸರು, ಪನೀರು, ಮೀನು ಮೊದಲು; ಅನ್ನ, ಕಡುಬು, ಅಕ್ಕಿರೊಟ್ಟಿ ಕೊನೆಗೆ.

ತುತ್ತನ್ನು ಚೆನ್ನಾಗಿ ಅಗಿಯಬೇಕು. ಊಟದ ನಡುವೆ ನೀರು ಕುಡಿಯದೆ ಅರ್ಧ ಗಂಟೆಯ ಬಳಿಕ ಕುಡಿಯಬೇಕು. ಬೈಪಾಸ್ ಆದವರು ಹಬ್ಬದ ದಿನ ಹೋಳಿಗೆಯನ್ನು ಬಿಸಿಬಿಸಿಯಾಗಿ ಎರಡು ತಿಂದರೆ ಮೈಬೆವರಿ, ಎದೆ ಬಡಿದುಕೊಂಡು, ತಲೆ ತಿರುಗಿ ಮಲಗುವಂತಾಗಬಹುದು. ಕಬ್ಬಿಣ, ಸುಣ್ಣದ ಅಂಶ, ಬಿ–೧೨ ಮತ್ತು ಡಿ ಜೀವಸತ್ತ್ವಗಳ ಮಾತ್ರೆಗಳನ್ನು ಜೀವಮಾನವಿಡೀ ತೆಗೆದುಕೊಂಡು, ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸತಕ್ಕದ್ದು. ವಾಂತಿಯು ನಿಲ್ಲದೆ ಹೋದರೆ “ಸರಿಹೋಗುತ್ತೆ” ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು. ಬಿ–೧ ಜೀವಸತ್ತ್ವವು ಬರಿದಾದರೆ ನರಗಳಿಗೂ ಮಿದುಳಿಗೂ ಕೇಡುಂಟು. ಮೊಣಕಾಲಿನ ನೋವಿಗೆ ಅಂಗಡಿಯಿಂದ ತಾವೇ ತಂದು ನುಂಗುವ ಮಾತ್ರೆಗಳು ಬೈಪಾಸಾದ ಜಠರದಲ್ಲಿ ಹುಣ್ಣು ಮಾಡಬಲ್ಲುವು. ಮದ್ಯವು ಬೇಗನೆ ತಲೆಗೇರುವುದು. ಮಕ್ಕಳನ್ನು ಬಯಸುವ ಹೆಂಗಸರು ಹನ್ನೆರಡರಿಂದ ಹದಿನೆಂಟು ತಿಂಗಳು ಬಸಿರನ್ನು ಮುಂದೂಡಬೇಕೆಂದು ವೈದ್ಯರು ಹೇಳುವರು. ಏಕಾದಶಿ, ಸಂಕಷ್ಟಿಗಳ ಉಪವಾಸವನ್ನು ವೈದ್ಯರನ್ನು ಕೇಳದೆ ಮಾಡಕೂಡದು.

ಇಷ್ಟೆಲ್ಲ ನಿಯಮಗಳನ್ನು ಒಬ್ಬಳೇ ಪಾಲಿಸುತ್ತ, ಉಳಿದವರಿಗೆ ಮೂರು ಹೊತ್ತು ಬೇರೆ ಅಡಿಗೆ ಮಾಡಿಹಾಕುವುದು ಸಾಧ್ಯವೇ? ನಮ್ಮ ಮನೆಗಳಲ್ಲಿ ಪಥ್ಯದವರು ಗಂಡಸರಾದರೆ ಅಡಿಗೆಯು ಬದಲಾಗುವುದು. ಹೆಂಗಸರಾದರೆ ಪಥ್ಯವೇ ತಪ್ಪುವುದು. ಇದು ಕಟುವಾದರೂ ನಿಜ. ಅತಿಥಿಗಳಾಗಿ ಹೋದೆಡೆಯಲ್ಲಿ “ಇನ್ನು ಸ್ವಲ್ಪ ಬಡಿಸಿಕೊಳ್ಳಿ, ನನ್ನಾಣೆ” ಎಂಬ ಉಪಚಾರವೂ ಇಂಥವರಿಗೆ ಉಪದ್ರವವೇ.

ಹಣವೂ ದೂರವೂ

ಈ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗಳಲ್ಲಿ ಲಕ್ಷಗಟ್ಟಳೆ ರೂಪಾಯಿ ಬೇಕಾಗುವುದು. ವಿಮಾ ನಿಯಂತ್ರಣ ಪ್ರಾಧಿಕಾರವು ೨೦೧೯ರಲ್ಲಿ ಹೊರಡಿಸಿದ ನಿಯಮಗಳ ಮೇರೆಗೆ, ಹದಿನೆಂಟು ವರ್ಷ ತುಂಬಿದವರಿಗೆ, ವೈದ್ಯರ ಸಲಹೆಯ ಮೇಲೆ, ಅಂಕವು ೪೦ ಆಗಿದ್ದರೆ, ಅಥವಾ ೩೫ ಆಗಿದ್ದು ಹೃದಯರೋಗ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ರೋಗ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಮೊದಲಾದುವಿದ್ದು, ಬೇರೆ ಉಪಾಯಗಳು ಸೋತಿದ್ದರೆ, ಸ್ಥೂಲತೆಯ ಚಿಕಿತ್ಸೆಯೆಂಬ ಒಂದೇ ನೆವದಿಂದ ವಿಮೆಯನ್ನು ನಿರಾಕರಿಸಲಾಗದು. ಆದುದರಿಂದ ಹಿಂದೆ ಮಾಡಿದ ಪಥ್ಯ, ಪರೀಕ್ಷೆ, ಔಷಧಗಳ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು. ವಿಮಾಪತ್ರದ ನಿಬಂಧನೆಗಳನ್ನು ಮುಂಚಿತವಾಗಿಯೇ ಓದಿಸಿಕೊಂಡು, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಬೇಕು.

ಭದ್ರಾವತಿಯವರು ರಕ್ತದ, ಎದೆಯ, ಥೈರಾಯ್ಡಿನ ಪ್ರಾರಂಭದ ತಪಾಸಣೆಗಳಿಗೆ ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಗೋ ಬೇರೆ ವೈದ್ಯರಲ್ಲಿಗೋ ಹೋಗಬಹುದು. ಶಸ್ತ್ರಚಿಕಿತ್ಸೆಗೆ ಬೆಂಗಳೂರಿನಂಥ ದೂರದ ಊರನ್ನು ಆರಿಸಿಕೊಂಡರೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ವರ್ಷಗಟ್ಟಳೆ ಮರುಪರೀಕ್ಷೆಗೆ ಹೋಗಿಬರಲು ಜೊತೆಗೆ ಯಾರು ಬರುವರು? ನಡುರಾತ್ರಿ ಹೊಟ್ಟೆನೋವು ಬಂದರೆ ಊರಿನಲ್ಲಿ ಯಾರನ್ನು ಕಾಣಬೇಕು? ಚಿಕಿತ್ಸೆಯ ಪೂರ್ಣ ವಿವರವಿರುವ ಪತ್ರವೊಂದು ಮನೆಯಲ್ಲಿಯೂ ಊರಿನ ವೈದ್ಯರ ಬಳಿಯಲ್ಲಿಯೂ ಇರುವುದು ಕ್ಷೇಮ. ಶಸ್ತ್ರವೈದ್ಯರನ್ನು, “ನೀವು ಇಂಥವನ್ನು ಎಷ್ಟು ಮಾಡಿರುವಿರಿ? ತೊಂದರೆಯಾದವರೆಷ್ಟು? ಬಳಿಕ ಆಹಾರತಜ್ಞರು ದೊರೆಯುವರೆ?” ಎಂದು ಕೇಳಲು ಸಂಕೋಚಪಡಬಾರದು. ಸೊಸೆ ತರುವಾಗ ಹತ್ತು ಕಡೆ ವಿಚಾರಿಸುವ ನಾವು ಇಲ್ಲಿ ವಿಚಾರಿಸಲು ನಾಚುವುದೇಕೆ? ರಿಯಾಯಿತಿ ಇಂದಿಗೆ ಮಾತ್ರ ಎಂದು ಅವಸರಪಡಿಸುವಲ್ಲಿಂದ ಎದ್ದು ಬರುವುದೇ ಲೇಸು.

ನಿಶ್ಚಯವು ಯಾರದು?

ಕೊನೆಯದಾಗಿ ಮುಖ್ಯವಾದ ಮಾತು. ಶಸ್ತ್ರಕ್ಕೆ ಮೈಯೊಡ್ಡುವವರು ಯಾರೋ ನಿಶ್ಚಯವೂ ಅವರದೇ ಆಗಬೇಕು. ಮದುವೆಯಾಗಲೆಂದು ಮಗಳನ್ನು ಒತ್ತಾಯಿಸುವುದು, ನಾಲ್ಕು ಜನರಲ್ಲಿ ನಾಚಿಕೆಯೆಂದು ಹೆಂಡತಿಯನ್ನು ನೂಕುವುದು, ಇವು ಸಲ್ಲವು. ಕನ್ನಡಿಗಾಗಿ ಮಾಡಿಸಿಕೊಂಡವರಿಗೆ ಜೋಲುವ ಚರ್ಮವನ್ನು ಕಂಡಾಗ ನಿರಾಸೆಯಾಗುವುದು. ಹಂಗಿಸುವವರ ಬಾಯಿ ಮುಚ್ಚಿಸಲೆಂದು ಮಾಡಿಸಿಕೊಂಡವರಿಗೆ ಆ ಬಾಯಿಗಳು ಬೇರೊ೦ದು ಮಾತನ್ನು ಹುಡುಕಿಕೊಳ್ಳುವುದು ಕಾಣಿಸುವುದು. ಉಸಿರು, ನಡೆ, ರಕ್ತದ ಸಕ್ಕರೆ, ಮುಂದಿನ ಇಪ್ಪತ್ತು ವರ್ಷಗಳ ಬಾಳು, ಇವುಗಳಿಗಾಗಿ ಮಾಡಿದ ನಿಶ್ಚಯವೇ ನಿಲ್ಲುವುದು.

ಹಾಗೆಯೇ, ಎಲ್ಲವನ್ನೂ ತಿಳಿದು ಒಬ್ಬರು “ಬೇಡ” ಎಂದರೆ ಅದನ್ನು ಹೇಡಿತನವೆನ್ನಬಾರದು. “ಆಗಲಿ” ಎಂದರೆ ಅದನ್ನು ಸೋಮಾರಿತನವೆನ್ನಬಾರದು. ಬಾಲ್ಯದಿಂದಲೂ ತಮ್ಮ ದೇಹವನ್ನು ಕುರಿತು ಊರಿನವರೆಲ್ಲರ ತೀರ್ಪನ್ನು ಕೇಳುತ್ತ ಬಂದವರು, ಪ್ರಾಯಶಃ ಮೊದಲನೆಯ ಬಾರಿಗೆ, ಆ ದೇಹದ ವಿಷಯದಲ್ಲಿ ತಾವೇ ಒಂದು ತೀರ್ಪನ್ನು ಕೊಡುವ ಸಂದರ್ಭವಿದು. ಮನೆಯವರು ಅಲ್ಲಿ ನ್ಯಾಯಾಧೀಶರಾಗದೆ ಬಂಧುಗಳಾಗಿ ಉಳಿಯಬೇಕು.

ನಿಶ್ಚಯವು ಒಬ್ಬರದಾದರೂ ನಿರ್ವಾಹವು ಎಲ್ಲರದು. ಮನೆಮಂದಿಯು ಒಟ್ಟಿಗೆ ಕುಳಿತು ಮಾಡಬೇಕಾದ ಸಂಕಲ್ಪಗಳು ಕೆಲವೇ: ವೈದ್ಯರಲ್ಲಿಗೆ ಒಬ್ಬರಾದರೂ ಜೊತೆಗೆ ಹೋಗಿ ಎಲ್ಲವನ್ನೂ ಕಿವಿಯಾರೆ ಕೇಳುವುದು, ಅಡಿಗೆಯನ್ನು ಎಲ್ಲರಿಗೂ ಹಿತವಾಗುವಂತೆ ಬದಲಾಯಿಸುವುದು, ಮಾತ್ರೆ ಮತ್ತು ಮರುಪರೀಕ್ಷೆಗಳನ್ನು ಮರೆಯದಂತೆ ನೋಡಿಕೊಳ್ಳುವುದು, ಎಲೆಯ ಮುಂದೆ ತುತ್ತೆಣಿಸುವ ಚಾಳಿಯನ್ನು ಬಿಡುವುದು. ಈ ನಾಲ್ಕರಲ್ಲಿ ಕೊನೆಯದಕ್ಕೆ ಆಸ್ಪತ್ರೆಯೂ ಬೇಡ, ಹಣವೂ ಬೇಡ. ಶಸ್ತ್ರಚಿಕಿತ್ಸೆಯು ನಡೆಯಲಿ, ನಡೆಯದಿರಲಿ, ಅದನ್ನು ಈ ಹೊತ್ತಿನ ಊಟದಿಂದಲೇ ಆರಂಭಿಸಬಹುದು.